ಮಾರ್ಸೆಲ್ಸ್ ಕಡಲಡಿಯ ಚಿತ್ರಗವಿ

ಮಾರ್ಸೆಲ್ಸ್ ಎಂದೊಡನೆ ನಮ್ಮ ಹಿರಿಯ ಓದುಗರಿಗೆ ಸಾವರ್ಕರರ ನೆನಪಾದೀತು. 1910ರ ಜುಲೈಯಲ್ಲಿ ಬಂದಿಯಾಗಿ ಭಾರತಕ್ಕೆ ಬರುತ್ತಿದ್ದಾಗ ಅವರು ಹಡಗಿನ ಕಿಂಡಿಯಿಂದ ನುಸುಳಿ ನೀರಿಗೆ ಹಾರಿದ್ದು ಈ ಫ್ರೆಂಚ್ ರೇವಿನಲ್ಲಿಯೇ. ಅದರಾಚೆಗೆ ಆ ಊರಿನ ಪರಿಚಯ ನಮಗೆ ಅಷ್ಟಕ್ಕಷ್ಟೆ. ರೇವನ್ನು ಬಿಟ್ಟು ಕರಾವಳಿಯ ದಾರಿ ಹಿಡಿದು ಆಗ್ನೇಯಕ್ಕೆ ನಡೆದರೆ ಪೇಟೆಯ ಗದ್ದಲ ಮುಗಿದು ಬಿಳಿಯ ಸುಣ್ಣಕಲ್ಲಿನ ಬೆಟ್ಟಗಳು ಎದುರಾಗುತ್ತವೆ. ಬೆಟ್ಟಗಳು ನೆಟ್ಟಗೆ ಕಡಲಿಗೆ ಇಳಿದಿವೆ. ನಡುನಡುವೆ ಕಡಲು ಕಿರಿದಾದ ಕಣಿವೆಗಳಲ್ಲಿ ಒಳನುಗ್ಗಿ ನಿಂತಿದೆ. ಅಲ್ಲಿಯವರು ಇವನ್ನು ಕಲಾಂಕ್ ಎನ್ನುತ್ತಾರೆ. 2012ರಲ್ಲಿ ಫ್ರೆಂಚ್ ಸರಕಾರ ಈ ಬೆಟ್ಟವನ್ನೂ ಅದರ ಮುಂದಿನ ಕಡಲನ್ನೂ ಸೇರಿಸಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿತು.

ಈ ಕಲಾಂಕುಗಳ ಸಾಲಿನಲ್ಲಿ ಮೊರ್ಜಿಯು ಎಂಬ ಭೂಶಿರವಿದೆ. ದೋಣಿಯಲ್ಲಿ ಕುಳಿತು ನೋಡುವವರಿಗೆ ಅಲ್ಲಿ ಕಾಣಿಸುವುದು ಬಂಡೆ ಮತ್ತು ನೀರು ಮಾತ್ರ. ನೀರಿನ ಮಟ್ಟದಿಂದ 37 ಮೀಟರ್ ಕೆಳಗೆ ಆ ಬಂಡೆಯಲ್ಲೊಂದು ಬಾಯಿ ಇದೆ. ಅದರೊಳಗೆ ನುಸುಳಿ ಹೋದವರಲ್ಲಿ ಒಬ್ಬರು ಲೋಕಪ್ರಸಿದ್ಧರಾದರು, ಮೂವರು ತಿರುಗಿ ಬರಲಿಲ್ಲ. ಆ ಗವಿಯ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲೇ ಹೇಳಿಬಿಡುತ್ತೇವೆ, ನಾವು ಹೊಳೆಯಲ್ಲಿ ಈಜಿದವರೇ ಹೊರತು ಕಡಲಲ್ಲಿ ಮುಳುಗಿದವರಲ್ಲ. ಇಲ್ಲಿರುವುದೆಲ್ಲ ಮುಳುಗಿದವರು ಬರೆದಿಟ್ಟದ್ದನ್ನು ಓದಿ ತಿಳಿದದ್ದು.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಯಾರ ಹಗ್ಗದ ಹಂಗೂ ಇಲ್ಲದೆ ಮೀನಿನಂತೆ ನೀರಿನಡಿ ಸಂಚರಿಸುವ ಸ್ಕೂಬಾ ವಿದ್ಯೆ ಇಂದಿನ ರೂಪ ಪಡೆದದ್ದು ಇದೇ ಫ್ರೆಂಚ್ ಕರಾವಳಿಯಲ್ಲಿ. ನೌಕಾದಳದ ಅಧಿಕಾರಿ ಜಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ 1943ರಲ್ಲಿ, ಮಹಾಯುದ್ಧದ ನಡುವೆ, ಸಿಲಿಂಡರಿನ ಗಾಳಿಯನ್ನು ಬೇಕಾದಾಗ ಬೇಕಾದಷ್ಟೇ ಬಿಡುವ ಉಸಿರಾಟದ ಯಂತ್ರವನ್ನು ಸಿದ್ಧಪಡಿಸಿದರು. ಅದಕ್ಕೆ ಮೊದಲು ಮುಳುಗುಗಾರನೆಂದರೆ ತಲೆಗೆ ತಾಮ್ರದ ಹಂಡೆಯಂತಹ ಶಿರಸ್ತ್ರಾಣ, ಕಾಲಿಗೆ ಸೀಸದ ಭಾರ, ಮೇಲಿನ ದೋಣಿಯಿಂದ ಗಾಳಿ ತರುವ ಕೊಳವೆ. ಹೊಸ ಯಂತ್ರ ಬಂದ ಮೇಲೆ ಅವನು ಸ್ವತಂತ್ರನಾದ. ಸ್ವಾತಂತ್ರ್ಯದ ಜೊತೆಗೆ ಹೊಣೆಯೂ ಅವನ ಬೆನ್ನಿಗೇ ಬಿತ್ತು. ಗಾಳಿ ಮುಗಿದರೆ ಮೇಲಿನಿಂದ ಹಗ್ಗ ಜಗ್ಗುವವರು ಯಾರೂ ಇಲ್ಲ.

ಇನ್ನು ಕಲಾಂಕಿನ ಬಂಡೆಯ ಬದಿಯಲ್ಲಿ ಇಳಿಯೋಣ. ಮೇಲುಭಾಗದಲ್ಲಿ ಬಿಸಿಲು ಬೀಳುವಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬಯಲು. ಕೆಳಗಿಳಿದಂತೆ ಬೆಳಕಿನ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ಕೈ ಗೀರಿದರೆ ರಕ್ತವೂ ಹಸಿರುಗಪ್ಪಾಗಿ ಕಾಣಿಸುತ್ತದೆ. ಬಂಡೆಯ ಸಂದಿಗಳಲ್ಲಿ ಮೇರು ಎಂಬ ದೊಡ್ಡ ಮೀನು ಮುಖ ಹೊರಗಿಟ್ಟು ನೋಡುತ್ತಿರುತ್ತದೆ. ನಮ್ಮ ಕಾಸರಗೋಡಿನ ಮೀನು ಮಾರ್ಕೆಟಿನಲ್ಲಿ 'ಕಲವ' ಎಂದು ಕೂಗಿ ಮಾರುವ ಮೀನಿನ ಬಳಗದ್ದೇ ಅದು. ಬೇಟೆಗಾರರ ಈಟಿಗೆ ಸಿಕ್ಕಿ ಈ ಮೀನು ಅಲ್ಲಿ ಅಪರೂಪವಾಗಿತ್ತು. ಫ್ರಾನ್ಸಿನಲ್ಲಿ ಅದರ ಬೇಟೆಗೆ ತಡೆ ಬಿದ್ದ ಮೇಲೆ ನಿಧಾನವಾಗಿ ಹೆಚ್ಚಿತು.

ಬಂಡೆಯ ಚಾಚುಗಳ ಅಡಿಯಲ್ಲಿ, ಗವಿಗಳ ಛಾವಣಿಯಲ್ಲಿ, ಬಿಸಿಲು ಸುಳಿಯದ ಎಡೆಯಲ್ಲಿ ದೀಪ ಹಿಡಿದು ನೋಡಬೇಕು. ಕಪ್ಪಗೆ ಕಂಡದ್ದು ಒಮ್ಮೆಲೇ ಕಡುಗೆಂಪಾಗುತ್ತದೆ. ಅದು ಹವಳ. ನಮ್ಮ ಅಜ್ಜಿಯಂದಿರ ಸರದಲ್ಲಿ ಚಿನ್ನದ ಗುಂಡಿನ ನಡುವೆ ಪೋಣಿಸಿದ್ದ ಹವಳ, ಜಾತಕದಲ್ಲಿ ಕುಜ ಸರಿಯಿಲ್ಲವೆಂದು ಜೋಯಿಸರು ಉಂಗುರಕ್ಕೆ ಹೇಳುವ ಹವಳ. ಸಂಸ್ಕೃತದಲ್ಲಿ ಪ್ರವಾಳ, ನೆರೆಯ ಮಲಯಾಳದಲ್ಲಿ ಪವಿಳ. ನವರತ್ನಗಳಲ್ಲಿ ಎಣಿಸುವ ಈ ಕೆಂಪು ಹವಳ ನಮ್ಮ ಅರಬ್ಬೀ ಸಮುದ್ರದಲ್ಲಿ ಬೆಳೆಯುವ ವಸ್ತುವಲ್ಲ, ಹಿಂದಿನಿಂದಲೂ ಮೆಡಿಟರೇನಿಯನ್ ಕಡಲಿನಿಂದ ಬಂದದ್ದು. ರೋಮಿನವರು ಭಾರತದ ಮುತ್ತಿಗೆ ಕೊಡುವ ಬೆಲೆಯನ್ನು ಭಾರತದವರು ಹವಳಕ್ಕೆ ಕೊಡುತ್ತಾರೆಂದು ಪ್ಲಿನಿ ಎಂಬ ರೋಮನ್ ಲೇಖಕ ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಮುಂದೆ 17, 18ನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೊ ರೇವಿನಿಂದ ಹವಳ ಮದರಾಸಿಗೂ ಗೋವೆಗೂ ಬಂದು, ಪ್ರತಿಯಾಗಿ ಗೋಲ್ಕೊಂಡದ ವಜ್ರ ಅತ್ತ ಹೋಗುತ್ತಿತ್ತು. ಚೆನ್ನೈಯ ಜಾರ್ಜ್ ಟೌನಿನಲ್ಲಿ 'ಕೋರಲ್ ಮರ್ಚೆಂಟ್' ಬೀದಿ ಎಂಬ ಹೆಸರು ಆ ವ್ಯಾಪಾರದ ಗುರುತಾಗಿ ಉಳಿದಿದೆ.

ಈ ಹವಳ ಬೆಳೆಯುವುದು ಬಹಳ ನಿಧಾನ. ಕಾಂಡ ದಪ್ಪವಾಗುವುದು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಇಲ್ಲ. ಬೆರಳ ಗಾತ್ರದ ಕೊಂಬೆ ಮುರಿದವನು ತನ್ನ ಅಜ್ಜನ ಕಾಲದ್ದನ್ನೋ ಅದಕ್ಕೂ ಹಿಂದಿನದನ್ನೋ ಮುರಿದಂತೆ. ಅದೂ ಸಾಲದೆಂಬಂತೆ 1999ರ ಬೇಸಿಗೆಯ ಕೊನೆಗೆ ಅಲ್ಲಿನ ಕಡಲು ವಾರಗಟ್ಟಲೆ ಬಿಸಿಯಾಗಿ ನಿಂತು, ಪ್ರೊವಾನ್ಸಿನಿಂದ ಇಟಲಿಯ ತೀರದವರೆಗೆ ಹವಳವೂ ಬೀಸಣಿಗೆಯಾಕಾರದ ಗೋರ್ಗೋನಿಯಾಗಳೂ ರಾಶಿರಾಶಿಯಾಗಿ ಸತ್ತವು. 2003ರಲ್ಲಿಯೂ 2022ರಲ್ಲಿಯೂ ಹೀಗೆಯೇ ಆಯಿತು. ಹವಳದ ಮಾತು ಸ್ವಲ್ಪ ಹೆಚ್ಚಾಯಿತೇನೋ. ಮನೆಯ ಪೆಟ್ಟಿಗೆಯಲ್ಲಿರುವ ವಸ್ತುವಿನ ತವರು ಎಲ್ಲಿಯದೆಂದು ತಿಳಿದಿದ್ದರೆ ನಷ್ಟವಿಲ್ಲವಷ್ಟೆ.

ಗವಿಗೆ ಬರೋಣ.

ಮಾರ್ಸೆಲ್ಸಿನ ಪಕ್ಕದ ಕಾಸಿಸ್ ಎಂಬ ಚಿಕ್ಕ ಊರಿನಲ್ಲಿ ಆನ್ರಿ ಕೋಸ್ಕೆರ್ ಎಂಬ ವೃತ್ತಿನಿರತ ಮುಳುಗುಗಾರರಿದ್ದರು. ಮುಳುಗುವ ವಿದ್ಯೆ ಕಲಿಸುವುದು ಅವರ ಕಸುಬು. ಅವರ ದೋಣಿಯ ಹೆಸರು ಕ್ರೊ-ಮ್ಯಾಗ್ನನ್. ಆದಿಮಾನವನ ಒಂದು ಕುಲದ ಹೆಸರದು. ಮುಂದೆ ನಡೆದುದನ್ನು ನೋಡಿದರೆ ಹೆಸರಿಡುವಾಗಲೇ ಬಾಯಲ್ಲಿ ಸತ್ಯ ನುಡಿದಿತ್ತೆಂದು ನಮ್ಮ ಹಳ್ಳಿಯವರು ಹೇಳಿಯಾರು. 1985ರಲ್ಲಿ ಅವರು ಮೊರ್ಜಿಯು ಭೂಶಿರದ ಬುಡದಲ್ಲಿ ಆ ಬಾಯಿಯನ್ನು ಕಂಡರು. ಒಂದೇ ಸಲಕ್ಕೆ ಒಳಹೊಕ್ಕು ನೋಡುವ ಹುಚ್ಚು ಸಾಹಸ ಮಾಡಲಿಲ್ಲ. ಹಂತಹಂತವಾಗಿ ಮುಂದುವರಿದರು. ಏರುತ್ತ ಹೋಗುವ ಸುರಂಗ, ನೂರು ಮೀಟರಿಗೂ ಮಿಕ್ಕಿ ಉದ್ದ. 175 ಮೀಟರ್ ಎಂಬ ಲೆಕ್ಕ ಹೆಚ್ಚು ಪ್ರಚಾರದಲ್ಲಿದೆ. ಅದು ಮುಗಿದಲ್ಲಿ ಅವರ ತಲೆ ನೀರಿನಿಂದ ಮೇಲೆ ಬಂತು. ಬೆಟ್ಟದ ಹೊಟ್ಟೆಯೊಳಗೆ, ಅರ್ಧ ನೀರು ಅರ್ಧ ಗಾಳಿ ತುಂಬಿದ ದೊಡ್ಡ ಹಜಾರ. ಮೇಲಿನಿಂದ ಇಳಿಬಿದ್ದ, ಕೆಳಗಿನಿಂದ ಎದ್ದುನಿಂತ ಸುಣ್ಣದ ಕಂಬಗಳು. ಅದನ್ನು ನೋಡಿ ಅವರು ಹಿಂತಿರುಗಿದರು. ಊರಿಗೆ ಸಾರಿ ಹೇಳಲಿಲ್ಲ.

ಮೂರರಲ್ಲಿ ಒಂದು ಪಾಲು

37 ಮೀಟರ್ ಎಂದರೆ ಮೇಲ್ನೋಟಕ್ಕೆ ಹೆಚ್ಚೇನಲ್ಲ, ಎರಡು ಎತ್ತರದ ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಆದರೆ ನೀರಿನ ಲೆಕ್ಕ ಬೇರೆ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 37 ಮೀಟರಿನಲ್ಲಿ ಅದು ನೆಲದ ಮೇಲಿನ ಒತ್ತಡಕ್ಕಿಂತ ಸುಮಾರು ಐದು ಪಟ್ಟು. ಒಂದೊಂದು ಉಸಿರಿಗೂ ಐದು ಉಸಿರಿನ ಗಾಳಿ ಖರ್ಚು. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಮೇಲೆ ಎರಡು ಗಂಟೆ ಉಸಿರಾಡಬಹುದು, ಅಷ್ಟು ಆಳದಲ್ಲಿ ಇಪ್ಪತ್ತೈದು ನಿಮಿಷ. ಹೆದರಿ ಏದುಸಿರು ಬಿಟ್ಟರೆ ಅದೂ ಇಲ್ಲ. ಸುಮಾರು ಮೂವತ್ತು ಮೀಟರ್ ದಾಟಿದ ಮೇಲೆ ಗಾಳಿಯ ಸಾರಜನಕ ತಲೆಗೇರತೊಡಗುತ್ತದೆ. ಕುಡಿದವನ ಹಾಗೆ ಧೈರ್ಯ ಹೆಚ್ಚು, ವಿವೇಕ ಕಡಿಮೆ. ಅವಸರದಲ್ಲಿ ಮೇಲೆ ಬಂದರೆ ರಕ್ತದಲ್ಲಿ ಕರಗಿದ್ದ ಅದೇ ಸಾರಜನಕ ಗುಳ್ಳೆಗಟ್ಟಿ ಕೈಕಾಲು ಬೀಳಬಹುದು, ಜೀವವೇ ಹೋಗಬಹುದು.

ತೆರೆದ ಕಡಲಿನಲ್ಲಾದರೆ ಕೊನೆಗೆ ಮೇಲೇರುವ ದಾರಿಯೊಂದು ಇದ್ದೇ ಇರುತ್ತದೆ. ಗವಿಯಲ್ಲಿ ಅದಿಲ್ಲ. ತಲೆಯ ಮೇಲೆ ಬಂಡೆ. ಬಂದ ದಾರಿಯಲ್ಲೇ ಹೋಗಬೇಕು. ನೆಲದಲ್ಲಿ ಹಿಟ್ಟಿನಂತಹ ನಯವಾದ ಕೆಸರು ಶತಮಾನಗಳಿಂದ ಕೂತಿರುತ್ತದೆ. ಕಾಲಿನ ರಬ್ಬರು ರೆಕ್ಕೆ ಒಮ್ಮೆ ತಾಗಿದರೆ ಸಾಕು, ಕದಡಿದ ನೀರಿನಲ್ಲಿ ದೀಪ ಹಿಡಿದ ತನ್ನ ಕೈಯೇ ಕಾಣದು. ಅದಕ್ಕಾಗಿ ಗವಿಗೆ ಇಳಿಯುವವರು ಹೊರಬಾಯಿಯಿಂದ ಹಗ್ಗ ಕಟ್ಟಿ ಬಿಚ್ಚುತ್ತ ಹೋಗುತ್ತಾರೆ. ಕಣ್ಣು ಕಾಣದಾಗ ಕೈಗೆ ಸಿಗುವ ಆ ಎಳೆಯೇ ದಾರಿ. ಇನ್ನೊಂದು ನಿಯಮ, ಗಾಳಿಯನ್ನು ಮೂರು ಪಾಲು ಮಾಡುವುದು. ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟುವ ಹಾಗಿಲ್ಲ. ಅದು ಆಪತ್ತಿಗೆ, ಜೊತೆಗಾರನ ಆಪತ್ತೂ ಸೇರಿ.

ನಮ್ಮ ಕಡೆ ಮುರಕಲ್ಲಿನ ಗುಡ್ಡದ ಬದಿಯಲ್ಲಿ ನೀರಿಗಾಗಿ ಸುರಂಗ ಕೊರೆಯುವ ಹಿರಿಯರು ಮೊಂಬತ್ತಿ ಹಚ್ಚಿಕೊಂಡೇ ಒಳಗೆ ಹೋಗುತ್ತಿದ್ದರು. ಬೆಳಕಿಗೆ ಮಾತ್ರವಲ್ಲ, ಜ್ವಾಲೆ ಕುಗ್ಗಿದರೆ ಗಾಳಿ ಕೆಟ್ಟಿತೆಂದು ಲೆಕ್ಕ, ಕೂಡಲೇ ಹೊರಗೆ. ಹಗ್ಗದ ಎಳೆಯ ಮಾತನ್ನೂ ಮೂರನೆಯ ಪಾಲಿನ ಮಾತನ್ನೂ ಓದಿದಾಗ ನಮಗೆ ಆ ಮೊಂಬತ್ತಿಯ ನೆನಪಾಯಿತು.

ಕೂಸ್ತೊನಂತಹ ಪಳಗಿದವನೂ ಗವಿಯಲ್ಲಿ ಸಾವಿನ ಬಾಯಿಗೆ ಹೋಗಿ ಬಂದಿದ್ದಾನೆ. 1946ರಲ್ಲಿ ಅವನೂ ಅವನ ಜೊತೆಗಾರ ದ್ಯುಮಾಸನೂ ವೊಕ್ಲ್ಯೂಸಿನ ಆಳವಾದ ನೀರಿನ ಬುಗ್ಗೆಗೆ ಇಳಿದರು. ಕೆಳಗೆ ಇಬ್ಬರಿಗೂ ಬುದ್ಧಿ ಮಂಕಾಗಿ ಹಗ್ಗದ ಸಹಾಯದಿಂದ ಹೇಗೋ ಮೇಲೆ ಬಂದರು. ಆಳದ ದೋಷವೆಂದುಕೊಂಡರೆ ಆಮೇಲೆ ತಿಳಿದದ್ದು ಬೇರೆ. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ತನ್ನದೇ ಹೊಗೆಯನ್ನು ಒಳಕ್ಕೆ ಎಳೆದುಕೊಂಡಿತ್ತು. ಅವರು ಉಸಿರಾಡಿದ್ದು ವಿಷಗಾಳಿ.

ಗೋಡೆಯ ಮೇಲಿನ ಕೈ

1991ರ ಬೇಸಿಗೆ. ಕೋಸ್ಕೆರ್ ಗೆಳೆಯರೊಂದಿಗೆ ಮತ್ತೆ ಆ ಹಜಾರಕ್ಕೆ ಹೋದರು. ಈ ಸಲ ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಮನುಷ್ಯನ ಕೈಯ ಗುರುತು ಕಣ್ಣಿಗೆ ಬಿತ್ತು. ಅಂಗೈಯನ್ನು ಗೋಡೆಗೆ ಒತ್ತಿ ಸುತ್ತಲೂ ಬಣ್ಣ ಊದಿದಾಗ ಉಳಿಯುವಂತಹ ಗುರುತು. ಒಂದು ಕಂಡ ಮೇಲೆ ಇನ್ನಷ್ಟು ಕಂಡವು. ಕುದುರೆಗಳು, ಕಾಡೆಮ್ಮೆಯಂತಹ ಬೈಸನ್‌ಗಳು, ಮೇಕೆ, ಜಿಂಕೆ. ಆರು ವರ್ಷಗಳಿಂದ ಗೊತ್ತಿದ್ದ ಗವಿ ಚಿತ್ರಶಾಲೆಯೆಂದು ಆಗ ತಿಳಿಯಿತು.

ಅದೇ ವರ್ಷ ಸೆಪ್ಟೆಂಬರ್ 1ರಂದು ಗ್ರೆನೋಬ್ಲ್ ಕಡೆಯಿಂದ ಬಂದ ಮುಳುಗುಗಾರರ ತಂಡವೊಂದು ಆ ಸುರಂಗಕ್ಕೆ ನುಗ್ಗಿತು. ಕೆಸರು ಕದಡಿ ದಾರಿ ತಪ್ಪಿದರೆಂದು ವರದಿ. ಮೂವರು ಅಲ್ಲಿಯೇ ಪ್ರಾಣ ಬಿಟ್ಟರು. ಅವರ ಹೆಸರುಗಳನ್ನು ನಾವಿಲ್ಲಿ ಎತ್ತುವುದಿಲ್ಲ. ರಜೆಯಲ್ಲಿ ಕಡಲಿಗೆ ಬಂದ ಮನೆಮಕ್ಕಳು ಅವರು. ಎರಡು ದಿನಗಳ ಮೇಲೆ, ಸೆಪ್ಟೆಂಬರ್ 3ರಂದು, ಕೋಸ್ಕೆರ್ ಅಧಿಕಾರಿಗಳ ಮುಂದೆ ಹೋಗಿ ಗವಿಯೊಳಗಿನ ಚಿತ್ರಗಳ ಸಂಗತಿಯನ್ನು ಅಧಿಕೃತವಾಗಿ ತಿಳಿಸಿದರು. ಮೂರು ಸಾವುಗಳ ಹಿಂದೆಯೇ ಆ ಗವಿ ಲೋಕದ ಬೆಳಕಿಗೆ ಬಂತು.

ಮೊದಲೇ ಹೇಳಿದ್ದರೆ ಸಾವು ತಪ್ಪುತ್ತಿತ್ತೇ? ಅಥವಾ ಸುದ್ದಿ ಹಬ್ಬಿ ಇನ್ನಷ್ಟು ಜನ ನುಗ್ಗುತ್ತಿದ್ದರೇ? ಎರಡೂ ಆಗಬಹುದಿತ್ತು. ಇಷ್ಟು ದೂರದಲ್ಲಿ ಕುಳಿತು ತೀರ್ಪು ಕೊಡುವ ಚಪಲ ನಮಗಿಲ್ಲ. ಸರಕಾರವಂತೂ ತಡಮಾಡಲಿಲ್ಲ. ಆ ವರ್ಷವೇ ಗವಿಯ ಬಾಯಿಯನ್ನು ಮುಚ್ಚಿಸಿತು. 1992ರ ಸೆಪ್ಟೆಂಬರಿನಲ್ಲಿ ಅದನ್ನು ಚಾರಿತ್ರಿಕ ಸ್ಮಾರಕವೆಂದು ಘೋಷಿಸಿತು.

ಪಂಡಿತರು ಸುಲಭವಾಗಿ ನಂಬಲಿಲ್ಲ. ಪ್ರೊವಾನ್ಸ್ ಸೀಮೆಯಲ್ಲಿ ಅಂತಹ ಚಿತ್ರಗವಿ ಅದುವರೆಗೆ ಕಂಡಿರಲಿಲ್ಲ. ಸಿಕ್ಕಿದ್ದು ಒಬ್ಬ ಮುಳುಗುಗಾರನಿಗೆ, ಹೋಗಿ ನೋಡೋಣವೆಂದರೆ ಬಹುಪಾಲು ಪಂಡಿತರಿಗೆ ಮುಳುಗಲು ಬಾರದು. ಯಾರೋ ಬರೆದಿಟ್ಟ ಮೋಸವಿರಬೇಕೆಂದು ಪತ್ರಿಕೆಗಳಲ್ಲಿ ವಾದ ಹುಟ್ಟಿತು. ಅದೃಷ್ಟಕ್ಕೆ ಜಾಂ ಕುರ್ತಾಂ ಎಂಬ ಪ್ರಾಚ್ಯಶಾಸ್ತ್ರಜ್ಞರು ಮುಳುಗುವುದರಲ್ಲಿಯೂ ನುರಿತವರಾಗಿದ್ದರು. ಅದೇ ಸೆಪ್ಟೆಂಬರಿನಲ್ಲಿ ಅವರು ಗವಿಯೊಳಗೆ ಹೋಗಿ ಪರೀಕ್ಷಿಸಿದರು. ಚಿತ್ರಗಳ ಮೇಲೆ ಸುಣ್ಣದ ಪದರ ಕಟ್ಟಿತ್ತು. ನಿನ್ನೆ ಮೊನ್ನೆ ಬರೆದುದಕ್ಕೆ ಅದು ಬರುವುದಿಲ್ಲ. ಇದ್ದಲಿನ ಚೂರುಗಳನ್ನು ಇಂಗಾಲದ ಪರೀಕ್ಷೆಗೆ ಒಡ್ಡಿದಾಗ ಕೈಯ ಗುರುತಿಗೆ ಸುಮಾರು 27,000 ವರ್ಷ, ಪ್ರಾಣಿಚಿತ್ರಗಳಿಗೆ ಸುಮಾರು 19,000 ವರ್ಷ ಬಂತು. ಲೆಕ್ಕವನ್ನು ಮತ್ತೆ ತಿದ್ದಿದ ಮೇಲೆ ಮನುಷ್ಯರು ಅಲ್ಲಿಗೆ ಮೊದಲು ಬಂದದ್ದು 33,000 ವರ್ಷಗಳಷ್ಟು ಹಿಂದೆ ಎನ್ನುತ್ತಾರೆ. ಕುರ್ತಾಂ ಅವರೂ ಚಿತ್ರಗವಿಗಳ ವಿಷಯದಲ್ಲಿ ಹೆಸರಾದ ಜಾಂ ಕ್ಲೋತ್ ಅವರೂ ಸೇರಿ 1994ರಲ್ಲಿ ಪುಸ್ತಕ ಬರೆದರು. ವಾದ ಅಲ್ಲಿಗೆ ತಣ್ಣಗಾಯಿತು.

ಹಾಗಾದರೆ ಆದಿಮಾನವ 37 ಮೀಟರ್ ಮುಳುಗಿ ಹೋಗಿ ಚಿತ್ರ ಬರೆದನೇ ಎಂದು ಮಕ್ಕಳು ಕೇಳಬಹುದು. ಅವನು ನಡೆದುಕೊಂಡೇ ಹೋದ. ಆಗ ಭೂಮಿಯ ಉತ್ತರಭಾಗದಲ್ಲಿ ಮಂಜು ಗಡ್ಡೆಕಟ್ಟಿ ನಿಂತಿತ್ತು. ನೀರೆಲ್ಲ ಹಿಮವಾಗಿ ನೆಲದ ಮೇಲೆ ಕೂತಿದ್ದರಿಂದ ಕಡಲಿನ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ತೀರ ಹಲವು ಕಿಲೋಮೀಟರ್ ಆಚೆ. ಇಂದು ದೋಣಿ ತೇಲುವಲ್ಲಿ ಅಂದು ಹುಲ್ಲುಗಾವಲು, ಅದರಲ್ಲಿ ಕುದುರೆಯ ಹಿಂಡು. ಹಿಮ ಕರಗಿ ಕಡಲು ಏರಿತು, ಬಾಗಿಲು ಮುಚ್ಚಿತು. ಗವಿಯ ಐದರಲ್ಲಿ ನಾಲ್ಕು ಪಾಲಿನಷ್ಟು ನೀರಿನ ಪಾಲಾಯಿತು. ಮಿಕ್ಕ ಒಂದು ಪಾಲಿನಲ್ಲಿ ಉಳಿದದ್ದನ್ನೇ ನಾವಿಂದು ಲೆಕ್ಕ ಹಾಕುತ್ತಿರುವುದು. ಅದೇ ಸುಮಾರು ಐನೂರು ಚಿತ್ರಗಳು ಮತ್ತು ಗೀರುಗಳು.

ಚಿತ್ರಗಳಲ್ಲಿ ಕುದುರೆಗಳದೇ ಹೆಚ್ಚಳ. ಆದರೆ ಈ ಗವಿಯ ವಿಶೇಷವೆಂದರೆ ಕಡಲಿನ ಪ್ರಾಣಿಗಳು. ಸೀಲ್‌ಗಳಿವೆ, ಮೀನಿದೆ, ಪೆಂಗ್ವಿನ್ನಿನಂತೆ ನೆಟ್ಟಗೆ ನಿಂತ ಮೂರು ಹಕ್ಕಿಗಳಿವೆ. ಪೆಂಗ್ವಿನ್ ಮೆಡಿಟರೇನಿಯನ್ನಿಗೆ ಎಲ್ಲಿಂದ ಬರಬೇಕು? ಅವು ಗ್ರೇಟ್ ಆಕ್ ಎಂಬ ಹಾರಲಾರದ ಹಕ್ಕಿಗಳು. ಮುಂದೆ ಅವು ಉತ್ತರ ಅಟ್ಲಾಂಟಿಕ್ಕಿನ ದ್ವೀಪಗಳಲ್ಲಿ ಮಾತ್ರ ಉಳಿದುಕೊಂಡವು. 1844ರಲ್ಲಿ ಐಸ್‌ಲ್ಯಾಂಡಿನ ಬಳಿ ಕೊನೆಯ ಜೋಡಿಯನ್ನೂ ಮನುಷ್ಯ ಹೊಡೆದುಹಾಕಿದ. ಹಕ್ಕಿ ಇಲ್ಲ, ಅದನ್ನು ಕಣ್ಣಾರೆ ನೋಡಿ ಬರೆದವನ ಗೆರೆ ಇದೆ.

ಕೈಯ ಗುರುತುಗಳು ಅರುವತ್ತಕ್ಕೂ ಹೆಚ್ಚು. ಹಲವು ಕೈಗಳಲ್ಲಿ ಬೆರಳುಗಳು ಮೊಟಕು. ಚಳಿಗೆ ಕೊಳೆತು ಬಿದ್ದವೆಂದು ಒಬ್ಬರು, ಹರಕೆಗೆ ಕತ್ತರಿಸಿಕೊಂಡರೆಂದು ಇನ್ನೊಬ್ಬರು. ಬೆರಳು ಮಡಚಿ ಬಣ್ಣ ಊದಿದ್ದಾರೆ, ಅದು ಬೇಟೆಗಾರರ ಸಂಜ್ಞೆ ಎಂಬುದು ಮತ್ತೊಂದು ಮತ. ನಮಗಂತೂ ಈ ಕೊನೆಯ ಮಾತೇ ಹಿಡಿಸಿತು. ಮಾತಾಡದೆ ಕೈಬೆರಳಿನಲ್ಲೇ ವಿಷಯ ತಿಳಿಸುವುದು ಇಂದಿಗೂ ಮುಳುಗುಗಾರರ ಪದ್ಧತಿ. ನೀರಿನಡಿ ಬಾಯಿಬಿಡುವಂತಿಲ್ಲವಲ್ಲ. ಗಾಳಿ ಇದೆಯೇ, ಸಾಕೇ, ಮೇಲೆ ಹೋಗೋಣವೇ, ಎಲ್ಲವೂ ಬೆರಳಲ್ಲಿ.

ಏರುತ್ತಿರುವ ನೀರು

ಬಾಗಿಲು ಮುಚ್ಚಿ ಗವಿಯನ್ನು ಇಷ್ಟು ಕಾಲ ಕಾಪಾಡಿದ ಕಡಲು ಈಗ ಒಳಗಿನದನ್ನೂ ಕೇಳುತ್ತಿದೆ. ಮಾರ್ಸೆಲ್ಸಿನಲ್ಲಿ 1885ರಿಂದ ಕಡಲಿನ ಮಟ್ಟ ಅಳೆಯುವ ಯಂತ್ರವಿದೆ. ಅಂದಿನಿಂದ ಇಂದಿನವರೆಗೆ ನೀರು ಹದಿನೈದು ಸೆಂಟಿಮೀಟರಿಗೂ ಹೆಚ್ಚು ಏರಿದೆ, ಈಚೆಗೆ ಏರುವ ವೇಗವೂ ಹೆಚ್ಚಿದೆ. ಗೇಣುದ್ದ ಕೂಡ ಅಲ್ಲದ ಏರಿಕೆ. ಆದರೆ ಗವಿಯಲ್ಲಿ ಕುದುರೆಗಳನ್ನು ಬರೆದ ಗೋಡೆಯ ಕೆಳಭಾಗ ನೀರಿನ ಅಂಚಿಗೇ ಇದೆ. ಕೆಳಗಿನ ಗೆರೆಗಳು ಆಗಲೇ ಅಳಿಸಿಹೋಗಿವೆ. ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದ ನೀರು ತಡೆದು ನಿಂತಿರುವುದರಿಂದ ಆ ಒತ್ತಡ ವ್ಯತ್ಯಾಸವಾದಾಗಲೆಲ್ಲ ನೀರು ಏರಿಳಿಯುತ್ತದೆ. 2011ರಲ್ಲಿ ಒಮ್ಮೆಲೇ ಸುಮಾರು 12 ಸೆಂಟಿಮೀಟರ್ ಏರಿ ಎಲ್ಲರನ್ನೂ ಗಾಬರಿಪಡಿಸಿತು. ಅಣೆಕಟ್ಟು ಕಟ್ಟಿ ಕಡಲನ್ನು ತಡೆಯಲು ಬರುವುದಿಲ್ಲ. ಗೋಡೆಯನ್ನು ಕಿತ್ತು ತರಲೂ ಬರುವುದಿಲ್ಲ. ಮಾಡಬಹುದಾದದ್ದು ಒಂದೇ, ಮುಳುಗುವ ಮೊದಲು ಅಂಗುಲ ಅಂಗುಲವಾಗಿ ಅಳೆದು ಬರೆದುಕೊಳ್ಳುವುದು.

ಆ ಕೆಲಸ ನಡೆದಿದೆ. ಪ್ರಾಚ್ಯಶಾಸ್ತ್ರಜ್ಞರ ತಂಡಗಳು ಸಿಲಿಂಡರ್ ಕಟ್ಟಿಕೊಂಡು, ಅಳತೆಯ ಯಂತ್ರಗಳನ್ನು ನೀರು ತಾಗದ ಪೆಟ್ಟಿಗೆಗಳಲ್ಲಿ ಹೊತ್ತು, ಅದೇ ಸುರಂಗದಲ್ಲಿ ಹೋಗಿಬರುತ್ತವೆ. ಬೆಳಕಿನ ಕಿರಣ ಹಾಯಿಸಿ ಇಡೀ ಗವಿಯ ಆಕಾರವನ್ನು ಅಳೆದಿದ್ದಾರೆ. ಇವರಲ್ಲಿ ಲ್ಯೂಕ್ ವಾನ್ರೆಲ್ ಎಂಬವರ ಹೆಸರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. 'ಲಿಟ್ಲ್ ಪ್ರಿನ್ಸ್' ಬರೆದ ಸೇಂಟ್ ಎಕ್ಸುಪೆರಿ 1944ರ ಜುಲೈ 31ರಂದು ಯುದ್ಧವಿಮಾನದಲ್ಲಿ ಹಾರಿ ಹೋದವನು ಮರಳಲಿಲ್ಲ. 1998ರಲ್ಲಿ ಮೀನುಗಾರನೊಬ್ಬನ ಬಲೆಗೆ ಆತನ ಕೈಕಡಗ ಸಿಕ್ಕಿತು. ಅದೇ ಕಡಲಲ್ಲಿ 2000ದಲ್ಲಿ ವಿಮಾನದ ಅವಶೇಷಗಳನ್ನು ಪತ್ತೆಹಚ್ಚಿದವರು ಈ ವಾನ್ರೆಲ್. ಗವಿಗೂ ಆ ಜಾಗಕ್ಕೂ ದೂರ ಹೆಚ್ಚೇನಿಲ್ಲ.

2022ರ ಜೂನ್ ತಿಂಗಳಲ್ಲಿ ಮಾರ್ಸೆಲ್ಸಿನ ಬಂದರಿನ ಬಳಿಯ ಕಟ್ಟಡವೊಂದರಲ್ಲಿ ಗವಿಯ ಪ್ರತಿಕೃತಿ ತೆರೆಯಿತು. ಗಾಡಿಯಲ್ಲಿ ಕುಳಿತರೆ ಕತ್ತಲಲ್ಲಿ ತಿರುಗಿಸಿ ಕುದುರೆ, ಹಕ್ಕಿ, ಕೈಗಳನ್ನೆಲ್ಲ ತೋರಿಸಿ ಹೊರಗೆ ತರುತ್ತಾರೆ. ಮೈ ಒದ್ದೆಯಾಗುವುದಿಲ್ಲ, ಮಕ್ಕಳೂ ಮುದುಕರೂ ಹೋಗಿ ನೋಡಬಹುದು. ಪ್ರತಿಕೃತಿಯೆಂದು ಮೂಗು ಮುರಿಯುವವರಿದ್ದಾರೆ. ನಿಜವಾದದ್ದನ್ನು ನೋಡಲು ಹೋದ ಮೂವರ ಪಾಡು ತಿಳಿದ ಮೇಲೆ ನಮಗೆ ಹಾಗೆ ಅನ್ನಿಸುವುದಿಲ್ಲ.

ನಿಜವಾದ ಗವಿಯ ಬಾಯಿಗೆ ಈಗ ಕಬ್ಬಿಣದ ತಡೆಬಾಗಿಲು. ಅನುಮತಿ ಪಡೆದ ಕೆಲವೇ ಸಂಶೋಧಕರು ಹಗ್ಗ ಹಿಡಿದು ಒಳಗೆ ಹೋಗುತ್ತಾರೆ, ಕುದುರೆಗಳ ಗೋಡೆಯ ಮುಂದೆ ನೀರು ಎಲ್ಲಿಗೆ ಬಂದಿದೆಯೆಂದು ನೋಡುತ್ತಾರೆ, ಗಾಳಿಯ ಮೂರನೆಯ ಪಾಲಿಗೆ ಕೈಹಾಕದೆ ಹಿಂತಿರುಗುತ್ತಾರೆ.